ಬಾಯಿಗೆ ಬಾರದ ಹೆಸರು

ಗೌರಿಬಿದನೂರಿನ ಆ ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರ್ ಮೋಹನ್‌ಬಾಬು ತೆಲುಗಿನಲ್ಲಿ ಪ್ರಸಂಗ ಮಾಡುತ್ತಿದ್ದರು. ಗಡಿಯಾಚೆಯಿಂದ ಬಂದವರು; ಕನ್ನಡ ಅರ್ಥವಾಗುತ್ತಿತ್ತು, ಸಭೆಯ ಮುಂದೆ ನಿಂತು ಮಾತಾಡುವಷ್ಟು ಬರುತ್ತಿರಲಿಲ್ಲ. ಊರಿನವರಿಗೆ ತೆಲುಗು ಹೊಸದಲ್ಲ. ಆದರೆ ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಗಳಿಗೆಂದು ಹಾವೇರಿ, ಗದಗದ ಕಡೆಯಿಂದ ಬಂದವರು ಸಭೆಯಲ್ಲಿ ಅರ್ಧದಷ್ಟಿದ್ದರು. ಅವರಿಗಾಗಿ ಪಾಸ್ಟರ್ ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದು ನಿಂತು, ಅವರ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದವಳು ಮೌನಿಕಾ.

ಮೌನಿಕಾ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದಳು. ವಯಸ್ಸು ಮೂವತ್ತು ದಾಟಿತ್ತು, ಮದುವೆ ಬೇಡ ಎಂದುಬಿಟ್ಟಿದ್ದಳು. ಜೊತೆಗೆ ಕೆಲಸ ಮಾಡುವ ಕವಿತಳೊಂದಿಗೆ ಬಾಡಿಗೆ ಮನೆಯಲ್ಲಿದ್ದಳು. ಅವಳನ್ನು ಮೊದಲು ಸಭೆಗೆ ಕರೆತಂದವಳೂ ಕವಿತಳೇ. ಆಮೇಲೆ ಮೌನಿಕಾಳ ತಮ್ಮ ಹರಿಕೃಷ್ಣನೂ ಬರತೊಡಗಿದ. ಅವನು ಅಲೀಪುರದ ಹತ್ತಿರದ ಹಳ್ಳಿಯಲ್ಲಿ ಅಪ್ಪ ವೆಂಕಟರವಣಪ್ಪನ ಜೊತೆಗಿದ್ದು ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದ. ಅವನನ್ನು ಎಳೆದದ್ದು ನಂಬಿಕೆಗಿಂತ ಹಾಡು. ಭಾನುವಾರ ಬೈಕಿನಲ್ಲಿ ಬಂದು ರಿದಂ ಪ್ಯಾಡ್ ಬಾರಿಸುತ್ತಿದ್ದ.

ಆ ವರ್ಷ ಪಾಸ್ಟರ್ ವಾರಕ್ಕೊಂದರಂತೆ ದೇವರ ಹೆಸರುಗಳ ಅರ್ಥ ಹೇಳಲು ಶುರುಮಾಡಿದ್ದರು. ಇಮ್ಮಾನುಯೇಲ್ ಎಂದರೆ ದೇವರು ನಮ್ಮ ಸಂಗಡ ಇದ್ದಾನೆ ಎಂದರ್ಥ ಎಂದು ಕನ್ನಡದಲ್ಲಿ ಹೇಳುವಾಗ ಮೌನಿಕಾಳಿಗೇ ಮೈ ಜುಮ್ಮೆಂದಿತ್ತು. ಒಳ್ಳೆಯ ಕುರುಬ ಎಂಬ ಹೆಸರಿನ ವಾರ, ನಿಜವಾಗಿಯೂ ಕುರಿ ಸಾಕಿದ್ದ ಆವಲಪ್ಪ ಆರಾಧನೆ ಮುಗಿದ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದ.

"ತಪ್ಪಿಸ್ಕೊಂಡ ಒಂದು ಕುರಿಗೋಸ್ಕರ ಮಿಕ್ಕಿದ್ದನ್ನೆಲ್ಲ ಬಿಟ್ಟು ಹೋಗೋ ಕುರುಬನ್ನ ನಾನಂತೂ ಕಂಡಿಲ್ಲಮ್ಮ."

"ಅದಕ್ಕೇ ಅವನು ದೇವರು ತಾತ," ಎಂದು ಮೌನಿಕಾ ನಕ್ಕಿದ್ದಳು.

ತಂದೆ ಎಂಬ ಹೆಸರಿನ ವಾರ ಮಾತ್ರ ಅವಳು ಎಡವಿದಳು. ಪಾಸ್ಟರ್ "ತಂಡ್ರೀ" ಎಂದಾಗಲೆಲ್ಲ ಅವಳ ಬಾಯಿಂದ "ಕರ್ತನೇ" ಎಂದು ಬರುತ್ತಿತ್ತು. ಯಾರೂ ಗಮನಿಸಿಲ್ಲ ಎಂದುಕೊಂಡಿದ್ದಳು. ಆದರೆ ಎಲ್ಲರೂ ಹೋದ ಮೇಲೆ ಪಾಸ್ಟರ್ ಅವಳನ್ನು ಕೂರಿಸಿಕೊಂಡು ಮೆಲ್ಲಗೆ ಕೇಳಿದರು: "ತಂದೆ ಅನ್ನೋ ಮಾತು ಯಾಕಮ್ಮ ನಿನ್ನ ಬಾಯಿಗೆ ಬರಲ್ಲ?"

ಆ ದನಿಯಲ್ಲಿ ಅಷ್ಟು ಮರುಕವಿತ್ತು. ಇಪ್ಪತ್ತು ವರ್ಷ ಯಾರಿಗೂ ಹೇಳದ್ದನ್ನು ಅವಳು ಅಂದು ಹೇಳಿದಳು.

ಅವಳ ಅಮ್ಮ ಗಂಗುಲಮ್ಮ ಬಾವಿಯಲ್ಲಿ ಬಿದ್ದು ಸತ್ತಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದು ಅಪ್ಪ ಹೇಳಿದ್ದ, ಊರು ನಂಬಿತ್ತು. ಹರಿಕೃಷ್ಣ ಆಗ ಇನ್ನೂ ಹಾಲು ಕುಡಿಯುವ ಮಗು. ಆ ಬೆಳಿಗ್ಗೆ ಅಪ್ಪ ಹಸು ಕಟ್ಟುವ ಹಗ್ಗದಲ್ಲಿ ಅಮ್ಮನನ್ನು ಬಾರಿಸಿದ್ದನ್ನು ಕಂಡವಳು ಮೌನಿಕಾ ಒಬ್ಬಳೇ. ಅಮ್ಮ ಮಗುವನ್ನು ಇವಳ ತೊಡೆಯ ಮೇಲೆ ಮಲಗಿಸಿ, ಬಿಂದಿಗೆಯನ್ನೂ ತೆಗೆದುಕೊಳ್ಳದೆ ಬಾವಿಯ ಕಡೆ ಹೋಗಿದ್ದಳು. ಆಮೇಲೆ ಅಪ್ಪ ಕುಡಿತ ಬಿಟ್ಟ, ಇನ್ನೊಂದು ಮದುವೆಯಾಗಲಿಲ್ಲ, ಮಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ. ಹರಿಕೃಷ್ಣನಿಗೆ ಅಪ್ಪನೆಂದರೆ ಪ್ರಾಣ.

"ನನ್ನ ತಮ್ಮಂಗೆ ಗೊತ್ತಾಗಬಾರದು ಪಾಸ್ಟರ್," ಎಂದಳು.

"ಇದು ನಿನಗೂ ನನಗೂ ದೇವರಿಗೂ ಮಾತ್ರ ಅಮ್ಮಾ," ಎಂದು ಅವರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಕೆಲವು ವಾರಗಳ ನಂತರ ವಿಶೇಷ ಕೂಟವೊಂದು ನಡೆಯಿತು. ಚಿಕ್ಕಬಳ್ಳಾಪುರ, ಚಿಂತಾಮಣಿಯ ಸಭೆಗಳವರೂ ಬಂದಿದ್ದರು. ಹೊರಗೆ ಶಾಮಿಯಾನ ಹಾಕಿಸಿದ್ದರು. ಅಂದಿನ ಹೆಸರು ಎಲ್‌ರೋಯಿ, ನನ್ನನ್ನು ನೋಡುವ ದೇವರು. ಯಜಮಾನಿಯ ಕಾಟ ತಾಳಲಾರದೆ ಓಡಿಹೋದ ಹಾಗರ್ ಎಂಬ ಬೈಬಲಿನ ದಾಸಿ, ಅರಣ್ಯದ ನೀರಿನ ಬಳಿ ದೇವರಿಗೆ ತಾನೇ ಇಟ್ಟ ಹೆಸರು ಅದು. ಬೇರೆ ಯಾರೂ ನೋಡದವಳನ್ನು ಆತ ನೋಡಿದ ಎಂದು ಪಾಸ್ಟರ್ ಹೇಳಿದರು. ಮೌನಿಕಾ ಮನಸ್ಸಿಟ್ಟು ಕನ್ನಡದಲ್ಲಿ ಹೇಳಿದಳು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು.

ಆಗ ಪಾಸ್ಟರ್ ಕಣ್ಣು ಮುಚ್ಚಿ ಒಂದು ಕೈ ಮೇಲೆತ್ತಿದರು. "ಆ ದೇವರು ಈ ಹೊತ್ತು ನನಗೆ ಒಂದು ದರ್ಶನ ಕೊಡ್ತಿದ್ದಾನೆ," ಎಂದು ತೆಲುಗಿನಲ್ಲಿ ಹೇಳಿದರು. ಅವಳು ಅದನ್ನು ಕನ್ನಡದಲ್ಲಿ ಹೇಳಿದಳು.

"ಒಂದು ಬಾವಿ ಕಾಣ್ತಿದೆ," ಎಂದರು. ಅದನ್ನೂ ಹೇಳಿದಳು.

"ಹಗ್ಗದ ಏಟು ತಿಂದ ಒಬ್ಬ ಹೆಂಗಸು. ತೊಡೆ ಮೇಲೆ ಮಗು ಇಟ್ಕೊಂಡು ನೋಡ್ತಾ ಇರೋ ಒಬ್ಬ ಹುಡುಗಿ. ಗಂಗುಲಮ್ಮ, ಗಂಗುಲಮ್ಮ ಅನ್ನೋ ಹೆಸರು ಕೇಳಿಸ್ತಿದೆ."

ಮೌನಿಕಾ ಮೈಕನ್ನು ಕೆಳಗಿಳಿಸಿದಳು. ತೆಲುಗು ಬಲ್ಲವರು ಆಗಲೇ "ಸ್ತೋತ್ರಂ, ಸ್ತೋತ್ರಂ" ಎನ್ನುತ್ತಿದ್ದರು. ಹಾವೇರಿ, ಗದಗದವರು ಕನ್ನಡಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದರು. ಹರಿಕೃಷ್ಣನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ರಿದಂ ಪ್ಯಾಡಿನ ಮೇಲೆ ಅವನ ಕೈ ನಿಂತಿತ್ತು.

"ಹೇಳಮ್ಮಾ," ಎಂದು ಪಾಸ್ಟರ್ ಕಣ್ಣು ತೆರೆಯದೆಯೇ ಪಿಸುಗುಟ್ಟಿದರು.

ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು. "ಗಂಗುಲಮ್ಮ ನಮ್ಮಮ್ಮ," ಎಂದಳು. "ಇದನ್ನ ಪಾಸ್ಟರ್‌ಗೆ ದೇವರು ತೋರಿಸಿದ್ದಲ್ಲ. ನಾನೇ ಅವರಿಗೆ ಹೇಳಿದ್ದೆ, ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು."

ಯಾರಿಗೂ ಅರ್ಥವಾಗದೆ ಉಳಿಯಬಾರದೆಂದು ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು. ಮೈಕನ್ನು ಕುರ್ಚಿಯ ಮೇಲಿಟ್ಟಳು.

ಪಾಸ್ಟರ್ ಈಗ ಕಣ್ಣು ತೆರೆದಿದ್ದರು. ಒಂದು ಗಳಿಗೆ ಅವರ ಮುಖ ಬಿಳಿಚಿಕೊಂಡಿತು. ಮರುಗಳಿಗೆಯಲ್ಲೇ, "ಈ ತಂಗಿಯ ಹೃದಯ ಒಡೆದಿದೆ, ಸೈತಾನ ಅವಳನ್ನ ಕಾಡ್ತಿದ್ದಾನೆ, ಪ್ರಾರ್ಥನೆ ಮಾಡಿ," ಎಂದು ಕೂಗಿದರು. ಅರ್ಧ ಸಭೆ ಎದ್ದುನಿಂತು ಪ್ರಾರ್ಥಿಸತೊಡಗಿತು. ನೋಡುವ ದೇವರೇ, ನೋಡುವ ದೇವರೇ ಎಂಬ ಆ ಗದ್ದಲದ ನಡುವೆ ಹರಿಕೃಷ್ಣ ಹೊರಟುಹೋದ.

ಅವಳು ಗೇಟಿನ ಹತ್ತಿರ ಅವನನ್ನು ಹಿಡಿದಳು. ಅವನು ಬೈಕಿನ ಕೀಲಿ ತಿರುಗಿಸಲಾಗದೆ ನಿಂತಿದ್ದ.

"ನಿಜಾನಾ?"

"ನಿಜ ಕಣೋ."

"ಆ ಮನುಷ್ಯಂಗೆ ಹೇಳ್ದೆ. ನಿನ್ನ ತೊಡೆ ಮೇಲಿದ್ದವನು ನಾನು, ನನಗ್ಯಾಕಕ್ಕ ಹೇಳ್ಲಿಲ್ಲ?"

ಇವನದೂ ಆದ ಕಥೆಯನ್ನು ಇವನನ್ನು ಬಿಟ್ಟು ಬೇರೆಯವರಿಗೆ ಹೇಳಿ, ಪಾಸ್ಟರ್ ತನಗೆ ಮಾಡಿದ್ದನ್ನೇ ತಾನು ಇವನಿಗೆ ಮಾಡಿದೆನೇ ಎಂದು ಮೌನಿಕಾಳಿಗೆ ಅನ್ನಿಸಿತು. ಬೈಕ್ ಹೋಯಿತು.

ಹರಿಕೃಷ್ಣ ಅಪ್ಪನನ್ನು ಕೇಳಿದನಂತೆ. ವೆಂಕಟರವಣಪ್ಪ ಹಸುವಿಗೆ ಹುಲ್ಲು ಹಾಕುತ್ತಲೇ, ತಿರುಗಿಯೂ ನೋಡದೆ, "ಕಾಲು ಜಾರಿತು" ಎಂದನಂತೆ. ಅದೇ ವಾರ ಹರಿಕೃಷ್ಣ ಮನೆ ಬಿಟ್ಟು ಗೌರಿಬಿದನೂರಲ್ಲಿ ರೂಮು ಮಾಡಿದ. ಅಕ್ಕನ ಫೋನನ್ನೂ ಎತ್ತಲಿಲ್ಲ.

ಸಭೆಗೆ ಬೇರೆ ಅನುವಾದಕಿ ಬಂದಳು. ಕವಿತ ಒಂದೆರಡು ಸಲ, "ಪಾಸ್ಟರ್ ಮನುಷ್ಯರು ಕಣೇ, ದೇವರನ್ನ ಬಿಡಬೇಡ," ಎಂದಳು.

"ಆ ಹೊತ್ತು ಅವನು ನೋಡ್ತಿದ್ನಾ ಕವಿತಾ? ಬಾವಿ ಹತ್ರ?" ಎಂದು ಮೌನಿಕಾ ಕೇಳಿದಳು. "ನೋಡ್ತಿದ್ದ ಅಂದ್ರೆ ಸುಮ್ಮನೆ ಯಾಕಿದ್ದ? ನೋಡ್ತಿರಲಿಲ್ಲ ಅಂದ್ರೆ ಆ ಹೆಸರು ಯಾಕೆ?"

ಕವಿತ ಅವಳ ಭುಜದ ಮೇಲೆ ಕೈಯಿಟ್ಟಳು. ಮೌನಿಕಾ ಮೆಲ್ಲಗೆ ಆ ಕೈಯನ್ನು ತೆಗೆದಳು. ಯಾರಾದರೂ ಮರುಕದಿಂದ ಮುಟ್ಟಿದರೆ ಈಗ ಅವಳಿಗೆ ಹೆದರಿಕೆಯಾಗುತ್ತಿತ್ತು.

ಪ್ರಾರ್ಥನೆ ಮಾಡಬೇಕೆಂದು ಅನ್ನಿಸದ ದಿನವಿರಲಿಲ್ಲ. ಮಂಡಿಯೂರುತ್ತಿದ್ದಳು. ಇಷ್ಟು ದಿನ ಬೇರೆಯವರಿಗಾಗಿ ಕನ್ನಡದಲ್ಲಿ ಹೇಳಿದ ಹೆಸರುಗಳೆಲ್ಲ ಅವಳಿಗೆ ಪಾಸ್ಟರ್ ದನಿಯಲ್ಲೇ ಕೇಳಿಸುತ್ತಿದ್ದವು. ಯಾವುದನ್ನೂ ಕರೆಯದೆ ಎದ್ದುಬಿಡುತ್ತಿದ್ದಳು.

ಒಂದು ಸಂಜೆ ಹರಿಕೃಷ್ಣ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ. ಒಳಗೆ ಬಾ ಎಂದರೂ ಹೊಸಿಲ ಮೇಲೇ ಕುಳಿತ.

"ಅಮ್ಮನ ವಿಷಯ ಪೂರ್ತಿ ಹೇಳು," ಎಂದ. "ಬರೀ ಸತ್ತಿದ್ದಲ್ಲ, ಬದುಕಿದ್ದಿದ್ದೂ ಹೇಳು. ಮಧ್ಯ ದೇವರನ್ನ ಮಾತ್ರ ತರಬೇಡಕ್ಕ."

ಮೌನಿಕಾ ಅವನ ಪಕ್ಕದಲ್ಲಿ ಕುಳಿತು ಹೇಳತೊಡಗಿದಳು. ಅಮ್ಮ ಕುಳ್ಳಗಿದ್ದಳು. ರೇಷ್ಮೆಹುಳುವಿಗೆ ಸೊಪ್ಪು ಹಾಕುವಾಗ ಅವುಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಹರಿಕೃಷ್ಣ ಹುಟ್ಟಿದಾಗ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಬಾವಿಯ ವಿಷಯಕ್ಕೆ ಬಂದಾಗ ಅವನು ಮುಖ ಆಚೆ ತಿರುಗಿಸಿಕೊಂಡು ಅತ್ತ.

ಮುಗಿದ ಮೇಲೆ ಅವಳು ಊಟಕ್ಕೆ ಕರೆದಳು. ಅವನು ಬೇಡ ಎಂದು ಎದ್ದ.

"ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ," ಎಂದ.

"ಗೊತ್ತು ಕಣಪ್ಪ."

"ಆದ್ರೂ ಬರ್ತೀನಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ.