ಬಾವ ಅನ್ನು

ಫಿನಾಯಿಲ್ ವಾಸನೆ ಮೂಗಿಗೆ ಅಡರಿತು, ಮೂರನೇ ಬೆಳಗಾಗಿರಬೇಕು, ನೆಲ ಒರೆಸುವವಳು ಕಾಲೆತ್ತಮ್ಮೋ ಎನ್ನುತ್ತಾಳೆ, ಎತ್ತಿದೆ — ಮಂಚದ ಮೇಲೆ ನನ್ನ ಮಗಳು ಸುನಿತಾ ಮಾತ್ರ ಯಾವ ಮಾತಿಗೂ ಅಲ್ಲಾಡುವುದಿಲ್ಲ, ಅವಳು ಹೆತ್ತ ಕೂಸು ನನ್ನ ಮಡಿಲಲ್ಲಿ, ಹೆಣ್ಣು, ಅವ್ವನ ದನಿಯನ್ನೇ ಇನ್ನೂ ಕೇಳಿಲ್ಲ. ಬೆಟ್ಟದ ಆಸ್ಪತ್ರೆಯಲ್ಲಿ ಹೆರಿಗೆ ಸಲೀಸಾಗೇ ಆಗಿತ್ತು, ಆಮೇಲೆ ರಕ್ತ ನಿಲ್ಲಲಿಲ್ಲ, ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ಎಂದರು, ಬೆಟ್ಟ ಇಳಿಯುವ ತಿರುವಿನಲ್ಲಿ ಆಂಬುಲೆನ್ಸಿಗೆ ಅಡ್ಡ ಒಂಟಿ ಸಲಗ, ಡ್ರೈವರ್ ಇಂಜಿನ್ ಆಫ್ ಮಾಡಿದ, ಸದ್ದು ಮಾಡ್ಬ್ಯಾಡಿ, ಓಗ್ಲಿ ಅದು — ಅದು ಹೋಗುತ್ತಿಲ್ಲ, ಇತ್ತ ಮಗಳ ಕೈ ತಣ್ಣಗಾಗುತ್ತಿದೆ, ನನಗೆ ಬುದ್ಧಿಯೇ ಕೆಟ್ಟಿತು, ಕೈ ಮುಗಿದು ರಂಗನಾಥಸ್ವಾಮಿಯವರೇ ಕಾಪಾಡಿ ಎಂದುಬಿಟ್ಟೆ, ಬಸ್ಸಿನಲ್ಲಿ ಬರುವ ಪ್ಯಾಟೆ ಭಕ್ತರ ಹಾಗೆ. ಗಂಡ ಚಿಕ್ಕಬೊಮ್ಮನಿಗೆ ಆ ಹೊತ್ತಿನಲ್ಲೂ ಸಿಟ್ಟು. ಯಾರ್ನಮ್ಮಿ ಕರೀತಿದ್ದೀಯೆ, ಬಾವ ಅನ್ನು. ಹೌದಲ್ಲ, ನಮ್ಮ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು ಈ ಬೆಟ್ಟದ ದೇವರು ರಂಗಪ್ಪ, ನಮಗೆಲ್ಲ ಬಾವ, ಜೇನು ಇಳಿಸುವಾಗಲೂ ಗೆಡ್ಡೆ ಕೀಳುವಾಗಲೂ ಅವನನ್ನು ರೇಗಿಸಿಕೊಂಡು ಬೆಳೆದವಳು ನಾನು, ಭಯಕ್ಕೆ ನೆಂಟಸ್ತಿಕೆಯೇ ಮರೆತುಹೋಗಿತ್ತು. ಆಗ ಬೈದೆ, ಬಾಯಿ ತುಂಬ ಬೈದೆ. ಬಾವ, ಕಾಡು ನಿಂದು, ಆನೆ ನಿಂದು, ಇಲ್ಲಿ ಮಲ್ಗಿರೋಳು ನಿನ್ನ ಸೊಸೆ, ನಮ್ಮೆಣ್ಣ ತಕಂಡು ಓದವ್ನು ನೀನು, ಈಗ ನಮ್ಮೆಣ್ಣ ನಮಗೆ ಬುಟ್ಟುಕೊಡು. ಆನೆ ಕಿವಿ ಬಡಿಯಿತು, ಲಂಟಾನದ ಪೊದೆಯೊಳಗೆ ನುಗ್ಗಿತು, ಮಾತು ಕೇಳಿ ಹೋಯಿತೋ ಹಸಿವಾಗಿ ಹೋಯಿತೋ, ನಾನು ವಿಚಾರಿಸಲಿಲ್ಲ.

ಇಲ್ಲಿ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ರಕ್ತ ಬೇಕು ಎಂದಾಗ ಮಾಂಬಳ್ಳಿಯ ಬಸವಕುಮಾರ್, ತನ್ನ ತಾಯಿಗೆ ಊಟ ತಂದವನು, ಕಾಡಿನೊಳಗಿನ ನಮ್ಮೂರು, ನಮ್ಮ ಪೋಡು ಯಾವ ದಿಕ್ಕಿಗಿದೆ ಎಂದೂ ಅರಿಯದವನು, ತೋಳು ಚಾಚಿ ಮಲಗಿಬಿಟ್ಟ, ಕೈ ಮುಗಿದರೆ ಬುಡವ್ವ, ಒಂದ್ ಟೀ ಕುಡುದ್ರೆ ಮತ್ತೆ ಊರ್ತದೆ ಎಂದ, ಅವನ ಮನೆ ತಣ್ಣಗಿರಲಿ. ಡಾಕ್ಟರಮ್ಮ ಊಟ ಬಿಟ್ಟು ನಿಂತರು, ನಾವ್ ಮಾಡೋದೆಲ್ಲ ಮಾಡಿದೀವಿ, ಇನ್ನು ದೇವರ ಮೇಲೆ ಭಾರ ಹಾಕಮ್ಮ. ಹಾಕದೆ ಏನು ತಾಯಿ, ಅವನು ಮನೆಯ ಅಳಿಯ, ಹೊರಲಿ. ಇಷ್ಟು ಮಂದಿಯನ್ನು ಕಳಿಸಿದವನು ಕೈಬಿಡುವುದಿಲ್ಲ, ಬಿಡುವವನಾಗಿದ್ದರೆ ಆ ತಿರುವಿನಲ್ಲೇ ಬಿಡುತ್ತಿದ್ದ, ನನಗೆ ಗೊತ್ತು, ಗೊತ್ತು ಎಂದುಕೊಂಡೇ ಮಗಳ ಮೂಗಿಗೆ ಬೆರಳಿಟ್ಟು ಉಸಿರು ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ಬಾವ, ಹೆತ್ತ ಹೊಟ್ಟೆ ಇದು. ಕೂಸು ಅತ್ತಿತು, ಚಮಚದ ಹಾಲು ಉಗಿಯಿತು, ಇನ್ನೂ ಜೋರಾಗಿ ಅತ್ತಿತು, ಸುಮ್ಕಿರು ಮಗ, ಅವ್ವ ಮಲಗವ್ಳೆ — ಸುನಿತಾಳ ಹಸಿರು ಅಂಗಿ, ಎದೆಯ ಹತ್ತಿರ, ಏನದು, ನಾನು ನೀರು ಚೆಲ್ಲಿದೆನೇ, ಇಲ್ಲ, ಲೋಟ ಅಲ್ಲೇ ಇದೆ, ಕೂಸು ಅಳುತ್ತಿದೆ, ಕಣ್ಣು ಮುಚ್ಚಿದ್ದರೂ ಅವಳಿಗೆ ಕೇಳಿಸಿದೆ, ಹಾಲು, ಬಾವ, ಹಾಲು — ಬಟ್ಟೆಯ ಮೇಲೆ ಕಾಸಿನಗಲ ಒದ್ದೆ, ಅಂಗೈಯಗಲ ಒದ್ದೆ, ಇನ್ನೂ ಅಗಲ, ಒದ್ದೆ —