ಇಪ್ಪತ್ತೆಂಟು ಮೊಳದ ವಿಮಾನ

ಏಳು ಮಗ್ಗಗಳ ಸದ್ದಿನಾಚೆ, ಹುನಗುಂದದ ದಾರಿಯಾಚೆ, ಮರೋಳದ ಒಂದು ಹೊಲದಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳಂತೆ. ಆವತ್ತು ಆಕಾಶಕ್ಕೆ ಕೆಮ್ಮು ಬಂತಂತೆ. ಕೆಮ್ಮುತ್ತ ಕೆಮ್ಮುತ್ತ ಅದು ಜೋಳ ಕೊಯ್ದ ಹೊಲಕ್ಕೆ ಒಂದು ಹಳದಿ ವಿಮಾನವನ್ನು ಉಗುಳಿತಂತೆ. ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ, ಮೂತಿಗೆ ಕಟ್ಟಿಗೆಯ ಫ್ಯಾನು. ಚಾಲಕ ಇಳಿದು ಇಂಜಿನ್ನು ಬಿಚ್ಚಿ ಕಸ ತೆಗೆಯುವಷ್ಟರಲ್ಲಿ ಹುಡುಗಿ ರೆಕ್ಕೆಯನ್ನು ಈ ತುದಿಯಿಂದ ಆ ತುದಿಗೆ ಕೈಯಿಂದಲೇ ಅಳೆದಳು. ಇಪ್ಪತ್ತೆಂಟು ಮೊಳ! “ಕುಡಿಯಾಕ ಏನರ ತಾರವ್ವ, ಒಂದು ಸುತ್ತು ಹಾಕಸ್ತೇನಿ” ಎಂದನಂತೆ ಚಾಲಕ. ಹುಡುಗಿ ಮಜ್ಜಿಗೆಯ ಚರಿಗೆ ಹಿಡಿದು ಓಡಿ ಬರುವಾಗ ವಿಮಾನ ಹೊಲದಂಚಿನ ಕಲ್ಲಿನ ಒಡ್ಡು ದಾಟಿ ಮೇಲೇರಿತ್ತು.

ಆ ಹುಡುಗಿ ನನ್ನ ಅಜ್ಜಿ ಬಸಲಿಂಗವ್ವ. ನಾವು ಆಯಿ ಎನ್ನುತ್ತೇವೆ. ಏಳು ಸಮುದ್ರದಾಚೆಯ ರಾಜಕುಮಾರಿಯರ ಕಥೆಗಳ ನಡುವೆ ಇದನ್ನೂ ಪೋಣಿಸಿ ಹೇಳುತ್ತಿದ್ದುದರಿಂದ ಇಳಕಲ್ಲಿನ ನಮ್ಮ ಓಣಿಯಲ್ಲಿ ಒಬ್ಬರೂ ನಂಬಲಿಲ್ಲ. ನಾನು ನಂಬಿದೆ. ಏಳನೇ ಇಯತ್ತೆಯಲ್ಲಿದ್ದಾಗ ಮಾತೂ ಕೊಟ್ಟೆ: “ಅದ ವಿಮಾನ ಮಾಡ್ತೇನಿ ಆಯಿ. ನಿನ್ನ ಕೂಡಿಸಿಕೊಂಡು ಬಾದಾಮಿ ಕೆರಿ ಮ್ಯಾಲೆ ಹಾರಸ್ತೇನಿ.”

ಈಗ ನಾನು ಕಂಪ್ಯೂಟರಿನಲ್ಲಿ ವಿಮಾನ ಮಾಡುತ್ತೇನೆ. ಪರದೆಯ ಮೇಲೆ ನಿಜವಾದ ಊರು, ಗುಡ್ಡ, ಹೊಳೆಗಳ ಮೇಲೆ ಹಾರಬಹುದಾದ ಸಿಮ್ಯುಲೇಟರ್ ಇದೆ. ಅದಕ್ಕೆ ಹಳೆಯ ವಿಮಾನಗಳ ಮೈ, ತೂಕ, ಇಂಜಿನ್ನು ಎಲ್ಲ ಹೊಂದಿಸಿ ಕೂಡಿಸುತ್ತೇನೆ. ಕೇಳಿದವರಿಗೆಲ್ಲ ಸುಮ್ಮನೆ ಕೊಡುತ್ತೇನೆ.

“ಮಾರಂಗಿಲ್ಲ ಅಂದಮ್ಯಾಲೆ ಯಾಕ ತಂಗಿ ಇಷ್ಟು ಕಣ್ಣು ಕೆಡಿಸ್ಕೊಳ್ತಿ?” ಎನ್ನುತ್ತಾನೆ ಅಣ್ಣ ಸಂಗಮೇಶ.

“ನೀ ಕ್ರಿಕೆಟ್ ಆಡಿ ಯಾರಿಗೆ ಮಾರ್ತಿ?” ಎನ್ನುತ್ತೇನೆ ನಾನು.

ಆದರೂ ಬೈಕಿನಲ್ಲಿ ಮರೋಳಕ್ಕೆ ಕರೆದೊಯ್ದು ಟೇಪಿನ ಇನ್ನೊಂದು ತುದಿ ಹಿಡಿದವನು ಅವನೇ. ಒಡ್ಡಿನವರೆಗೆ ಹೊಲ ಇನ್ನೂರ ಇಪ್ಪತ್ತು ಮೀಟರ್ ಇತ್ತು.

ಆಯಿಯ ಮೊಳ ಅಳೆದು, ಅದನ್ನು ಇಪ್ಪತ್ತೆಂಟರಿಂದ ಗುಣಿಸಿ ರೆಕ್ಕೆ ಕಟ್ಟಿದೆ. ಫ್ಯಾನು, ಬಾಲ, ಗಾಲಿ ಎಲ್ಲವೂ ಅವಳು ಹೇಳಿದ ಲೆಕ್ಕದಲ್ಲೇ. ಆ ಕಾಲದ ಇಂಥ ವಿಮಾನಗಳ ಇಂಜಿನ್ನು ಕೂಡಿಸಿದೆ. ಎಂಟು ತಿಂಗಳು ಹಿಡಿಯಿತು. ಆಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಾರಿಸಿದರೆ, ವಿಮಾನ ಪರದೆಯ ಮೇಲಿನ ಅದೇ ಹೊಲದುದ್ದಕ್ಕೂ ಎಮ್ಮೆಯಂತೆ ಓಡಿ ಒಡ್ಡಿಗೆ ಗುದ್ದಿತು. ಮತ್ತೆ ಓಡಿಸಿದೆ, ಮತ್ತೆ ಗುದ್ದಿತು. ಹನ್ನೊಂದು ಸಲ.

“ನೋಡಿದೇನ?” ಎಂದ ಸಂಗಮೇಶ. “ಈ ಹೊಲದಾಗಿಂದ ಅದು ಏಳಾಕ ಸಾಧ್ಯನ ಇಲ್ಲ. ಆಯೀ, ಖರೆ ಹೇಳು, ಕನಸು ಬಿದ್ದಿತ್ತೋ ಏನ?”

ಆಯಿ ಎದ್ದು ಒಳಗೆ ಹೋದಳು. ನನಗೆ ಅಣ್ಣನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ, ಯಾಕೆಂದರೆ ಒಂದು ಗಳಿಗೆ ನಾನೂ ಕನಸೇ ಇರಬಹುದೆಂದುಕೊಂಡಿದ್ದೆ.

ಆಯಿ ಟ್ರಂಕಿನಿಂದ ಒಂದು ಪುಟ್ಟ ಸೀರೆ ತಂದು ನನ್ನ ತೊಡೆಯ ಮೇಲೆ ಒಗೆದು ಸಂಗಮೇಶನತ್ತ ತಿರುಗಿದಳು. ದಾಳಿಂಬೆ ಬಣ್ಣ, ಕೆಂಪು ಸೆರಗು.

“ಅವತ್ತು ಇದನ್ನ ಉಟ್ಟಿದ್ದೆ. ಕನಸಿನಾಗ ಮಜ್ಜಿಗಿ ಚೆಲ್ಲಿದ್ರ ಕಲಿ ಉಳಿತಾವೇನಪಾ? ನಮ್ಮಪ್ಪ ನೇದಿದ್ದು. ನನ್ನ ಕೈಲೇ ಹತ್ತು ಮೊಳ ಅಳದು ನೇದಿದ್ದ.”

ಕಲೆ ಇತ್ತು. ನಾನು ಅವಳ ಕೈ ಹಿಡಿದು ಸೀರೆ ಅಳೆಯತೊಡಗಿದೆ. ಏಳಾಯಿತು. ಎಂಟಕ್ಕೆ ಸೀರೆ ಸಾಲಲಿಲ್ಲ.

“ಹತ್ತು ಎಲ್ಲೈತಿ ಆಯಿ? ಸೀರಿ ಕುಗ್ಗೈತೇನ?”

“ಸೀರಿ ಯಾಕ ಕುಗ್ಗತೈತಿ ಹುಚ್ಚಿ? ನಾ ಬೆಳದೇನಿ.”

ಸಂಗಮೇಶನೇ ಮೊದಲು ಟೇಪಿಗೆ ಕೈ ಹಾಕಿದ. ಸೀರೆ ಮೂರು ಮೀಟರ್ ಮೂವತ್ತು ಸೆಂಟಿಮೀಟರ್. ಹತ್ತರಿಂದ ಭಾಗಿಸಿದರೆ ಒಂಬತ್ತು ವರ್ಷದ ಬಸಲಿಂಗವ್ವನ ಮೊಳ ಮೂವತ್ಮೂರು. ನಾನು ಎಪ್ಪತ್ತಾರು ವರ್ಷದವಳ ನಲವತ್ಮೂರು ಹಿಡಿದು ಕಟ್ಟಿದ್ದೆ! ಹುಡುಗಿಯ ವಿಮಾನವನ್ನು ಮುದುಕಿಯ ಕೈಯಿಂದ ಅಳೆದು, ಉದ್ದ, ಅಗಲ, ಎತ್ತರ ಮೂರನ್ನೂ ಹಿಗ್ಗಿಸಿ ತೂಕವನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿಟ್ಟಿದ್ದೆ.

ಮೂತಿಯಿಂದ ಬಾಲದವರೆಗೆ ಎಲ್ಲ ಸಣ್ಣದು ಮಾಡಿ ಸರಿಪಡಿಸಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಮುಂಜಾನೆ ಆಯಿ ಮಜ್ಜಿಗೆಯ ಚರಿಗೆ ಹಿಡಿದೇ ಬಂದು ಕೂತಳು.

“ಈ ಸಲ ಮೊದಲ ತಂದೇನಿ. ಬಿಟ್ಟು ಹೋದೀ ಮತ್ತ!”

ಫ್ಯಾನು ತಿರುಗಿತು. ಹೊಲ ಹಿಂದಕ್ಕೆ ಓಡಿತು. ನೂರು ಮೀಟರ್, ನೂರೈವತ್ತು. ಬಾಲ ಎದ್ದಿತು. ಒಡ್ಡು ದೊಡ್ಡದಾಗುತ್ತ ಬಂತು.

“ಹೊಡೀತು, ಹೊಡೀತು!” ಸಂಗಮೇಶ ಕಣ್ಣು ಮುಚ್ಚಿಕೊಂಡ.

ನಾನು ವಿಮಾನ ಎತ್ತುವ ಕಡ್ಡಿ ಎಳೆದೆ. ಗಾಲಿಗಳ ಸದ್ದು ನಿಂತಿತು. ಕಲ್ಲುಗಳು ಕೆಳಗೆ ಜಾರಿದವು.

“ಕಣ್ಣ ತೆರಿಯೋ ಧೀರಾ,” ಎಂದಳು ಆಯಿ, “ನಿನ್ನ ‘ಸಾಧ್ಯನ ಇಲ್ಲ’ ಅನ್ನೂದು ಹಿಂದ ಉಳೀತು.”

ಪಡುವಣಕ್ಕೆ ತಿರುಗಿದೆ. ಅರ್ಧ ತಾಸು ಆಯಿ ಕೆಳಗಿನ ಹೊಲಗಳನ್ನೇ ನೋಡುತ್ತಿದ್ದಳು. ಕೊನೆಗೆ ಬಾದಾಮಿಯ ಕೆಂಪು ಗುಡ್ಡಗಳು ಬಂದವು. ನಡುವೆ ಕೆರೆ, ಹಸಿರು ಗಾಜಿನ ಬಳೆಯ ಚೂರಿನಂತೆ.

ಆಯಿ ಚರಿಗೆಯನ್ನು ನನ್ನತ್ತ ಚಾಚಿದಳು.

“ಹಿಡಿ, ಕುಡಿ,” ಎಂದಳು. “ಭಾಳ ದಿನದಿಂದ ಹಿಡಕೊಂಡು ನಿಂತೇನಿ.”