ಎರಡು ಬೆರಳಗಲ

ನಾಲ್ಕನೆಯ ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ವೈರ್‌ಮನ್ ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಸ್ಕ್ರೂಡ್ರೈವರಿನ ಹಿಡಿಗೆ ಅಂಗೈ ಕೊಟ್ಟು ಒತ್ತಿ ತಿರುಗಿಸಿದ. ಅದು ಕಿರ್ರೆಂದು ಬಿಟ್ಟುಕೊಂಡಿತು. ಅವನು ಕೂತಲ್ಲಿಂದ ನಾಲ್ಕು ಮಾರು ದೂರ, ನಡುಮನೆಯಲ್ಲಿ ಎರಡು ಬೆಂಚುಗಳ ಮೇಲಿಟ್ಟ ಪೆಟ್ಟಿಗೆಯೊಳಗೆ ಅವನ ಗೆಳೆಯ ಮಲಗಿದ್ದ.

ಹಿಟ್ಟಿನ ಗಿರಣಿ ನಡೆಸುತ್ತಿದ್ದ ಆ ಮನುಷ್ಯನನ್ನು ಊರೆಲ್ಲ ಗಿರಣಿ ಎಂದೇ ಕರೆಯುತ್ತಿತ್ತು. ಮೂವತ್ತೆಂಟು ವರ್ಷ ಧೂಳು ಕುಡಿದ ಅವನ ಎದೆ ನಿನ್ನೆ ಬೆಳಿಗ್ಗೆ ನಿಂತಿತ್ತು. ಹುಬ್ಬಿನ ಕೂದಲಲ್ಲಿ ಇನ್ನೂ ಹಿಟ್ಟಿನ ಬಿಳುಪಿತ್ತು. ಎರಡು ಸಲ ಒರೆಸಿ ನೋಡಿದ ಹೆಂಡತಿ, ಇದು ಹೋಗುವುದಲ್ಲ ಎಂದು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಿದ್ದಳು.

"ಆಗುತ್ತಾ ಮಾಮ?" ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿದೆ ಕಣಮ್ಮ. ಬೇರೆ ತಂದಿದ್ದೀನಿ, ಹಾಕ್ತೀನಿ."

"ಗಾಡಿ ನಾಲ್ಕು ಗಂಟೆಗೆ ಬರುತ್ತೆ. ಅಷ್ಟರಲ್ಲಿ ಆಗದೇ ಇದ್ರೆ ಕಷ್ಟಪಡ್ಬೇಡಿ. ನನ್ನ ಫೋನಲ್ಲಿ ಆ ಹಾಡಿದೆ, ಅದನ್ನೇ ಹಾಕೋಣ. ಎಲ್ಲೂ ತುಂಡಾಗದೆ ಪೂರ್ತಿ ಇದೆ."

ವೈರ್‌ಮನ್‌ನ ಕೈ ನಿಂತಿತು. "ಅಪ್ಪ ತನ್ನನ್ನ ಎತ್ತೋವಾಗ ಕ್ಯಾಸೆಟ್ಟೇ ಹಾಕ್ಬೇಕು ಅಂದಿದ್ದ ಅಂದೆಯಲ್ಲ?"

"ಅಂದಿದ್ರು. ನಿಮ್ಮ ಕೈಯಲ್ಲೇ ಹಾಕಿಸ್ಬೇಕು ಅಂತಾನೂ ಅಂದಿದ್ರು."

"ಮತ್ತಿನ್ನೇನು, ಕ್ಯಾಸೆಟ್ಟೇ ಹಾಕೋದು. ನಾಲ್ಕಕ್ಕೆ ಮುಂಚೆ ಆಗುತ್ತೆ ಹೋಗು."

ಅವಳು ಹೋದಳು. ಅವನು ಬೆವರಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬೆಲ್ಟು ಕೂರದಿದ್ದರೆ ಫೋನಿನ ಹಾಡು. ಫೋನಿನ ಹಾಡು ಹನ್ನೊಂದನೆಯ ನಿಮಿಷಕ್ಕೆ ಬಂದರೆ ಮೂವತ್ತನಾಲ್ಕು ವರ್ಷ ಮುಚ್ಚಿಟ್ಟದ್ದು, ಗಿರಣಿಯ ಹೆಣದ ಮುಂದೆಯೇ, ಎಲ್ಲರ ಕಿವಿಗೂ ಬೀಳುತ್ತದೆ.

ಜಗುಲಿಯಲ್ಲಿ ಮೇಷ್ಟ್ರು ಮತ್ತು ದರ್ಜಿ, ಕ್ಯಾಸೆಟ್ಟಿನ ಇಬ್ಬರು ಡ್ರಮ್ಮಿನವರಲ್ಲಿ ಯಾರು ದೊಡ್ಡವನೆಂಬ ಹಳೆಯ ಜಗಳವನ್ನು ಆಗಲೇ ಶುರುಮಾಡಿದ್ದರು. ಭಾನುವಾರದ ಬೀಸುವ ಕೆಲಸ ಮುಗಿದ ಮೇಲೆ ಗಿರಣಿಯ ಷೆಡ್ಡಿನಲ್ಲಿ ಕೂತು ಪ್ರೋಗ್ರೆಸಿವ್ ರಾಕ್ ನುಡಿಸುತ್ತಿದ್ದ ನಾಲ್ವರಲ್ಲಿ ಅವರಿಬ್ಬರು. ಮೇಷ್ಟ್ರದು ಕೀಬೋರ್ಡು, ದರ್ಜಿಯದು ಬೇಸ್ ಗಿಟಾರು, ವೈರ್‌ಮನ್‌ದು ಗಿಟಾರು, ಗಿರಣಿಯದು ಡ್ರಮ್ಮು. ಒಂದೊಂದು ಹಾಡು ಇಪ್ಪತ್ತು ನಿಮಿಷ. ಏಳರ ಎಣಿಕೆ ಇದ್ದಕ್ಕಿದ್ದಂತೆ ಐದಾಗುವ, ಐದು ಒಂಬತ್ತಾಗಿ ಹೊರಳುವ ಹಾಡುಗಳು. ಊರಲ್ಲಿ ಅದನ್ನು ಬಯಸಿ ಕೇಳಿದವರಿಲ್ಲ. ಹಿಟ್ಟಿನ ಚೀಲ ಒಯ್ಯಲು ತಡವಾಗಿ ಬಂದವರು ಬೇರೆ ದಾರಿಯಿಲ್ಲದೆ ಕೇಳುತ್ತಿದ್ದರು.

"ಯಾರು ಏನೇ ಅನ್ನಲಿ, ಗಡಿಯಾರಾನೇ ದೊಡ್ಡೋನು," ಎಂದರು ಮೇಷ್ಟ್ರು. ಲೆಕ್ಕ ಕಲಿಸಿ ನಿವೃತ್ತರಾದವರು. "ಇಪ್ಪತ್ತೊಂದು ನಿಮಿಷದಲ್ಲಿ ಒಂದು ಪೆಟ್ಟು ಆಚೀಚೆ ಆಗಲ್ಲ."

"ಕೀ ಕೊಟ್ರೆ ನಮ್ಮನೆ ಅಲಾರಮ್ಮೂ ಆಚೀಚೆ ಆಗಲ್ಲ ಮೇಷ್ಟ್ರೇ. ಕುಂಟನ್ನ ನೋಡಿ. ಹನ್ನೊಂದನೇ ನಿಮಿಷದಲ್ಲಿ ಏಳನೇ ಪೆಟ್ಟನ್ನ ನುಂಗಿಬಿಟ್ಟು ಮುಂದಕ್ಕೆ ಹೋಗ್ತಾನೆ. ಇಡೀ ಹಾಡಲ್ಲಿ ಒಂದೇ ಸಲ. ಬಿದ್ದ ಅಂದ್ಕೋತೀವಿ, ಬೀಳಲ್ಲ."

"ಇದು ನಿನ್ನ ಮಾತಲ್ಲ, ಅವನ ಮಾತು."

"ಹೌದು. ಅವನು ಇವತ್ತು ಹೇಳಕ್ಕಾಗಲ್ವಲ್ಲ. ಅವನ ಪಾಳಿ ಯಾರಾದ್ರೂ ಮಾಡ್ಬೇಕು."

ದರ್ಜಿ ಕಿಟಕಿಯಿಂದ ಒಳಕ್ಕೆ ತಲೆ ಹಾಕಿದ. "ಏನೋ ವೈರ್‌ಮನ್, ನಿನ್ನ ಗಡಿಯಾರದ ಪರವಾಗಿ ಮೇಷ್ಟ್ರು ಒಬ್ರೇ ಹೆಣಗಾಡ್ತಿದ್ದಾರೆ. ನಿನ್ನ ಬಾಯಿಗೇನು ಫ್ಯೂಸ್ ಹೋಗಿದ್ಯಾ?"

"ಕೆಲಸ ಇದೆ ಕಣೋ," ಎಂದ ವೈರ್‌ಮನ್.

*

ಆ ಕ್ಯಾಸೆಟ್ಟನ್ನು ತಂದವರು ಮೇಷ್ಟ್ರೇ. ತರಬೇತಿಗೆಂದು ಪಟ್ಟಣಕ್ಕೆ ಹೋದಾಗ ಯಾರದೋ ಮನೆಯ ರೆಕಾರ್ಡುಗಳಿಂದ ತುಂಬಿಸಿಕೊಂಡು ಬಂದಿದ್ದರು. ಒಂದು ಬದಿಗೆ ಎರಡು ತಂಡಗಳ ಎರಡು ಉದ್ದನೆಯ ಹಾಡು, ಇನ್ನೊಂದು ಬದಿ ಖಾಲಿ. ನುಡಿಸಿದವರ ಹೆಸರು ಬರೆದುಕೊಂಡ ಚೀಟಿ ಬಸ್ಸಿನಲ್ಲೇ ಹೋಯಿತು. ಹಾಗಾಗಿ ಡ್ರಮ್ಮಿನವರಿಗೆ ಇವರೇ ಹೆಸರಿಟ್ಟರು. ಮೊದಲ ಹಾಡಿನವನು ಗಡಿಯಾರ. ಎರಡನೆಯವನಿಗೆ ಮೊದಲೆರಡು ದಿನ ಹೆಸರಿರಲಿಲ್ಲ.

ಮೂರನೆಯ ದಿನ ವೈರ್‌ಮನ್ ಆ ಕ್ಯಾಸೆಟ್ಟನ್ನು ಎರವಲು ಪಡೆದು ಮನೆಗೆ ಒಯ್ದ. ಮಧ್ಯಾಹ್ನ ಅವನ ಟೇಪ್ ರೆಕಾರ್ಡರು ಟೇಪನ್ನು ಒಳಕ್ಕೆಳೆದು ಅಗಿದುಬಿಟ್ಟಿತು. ಬಿಡಿಸಿ ತೆಗೆದಾಗ ಎರಡು ಬೆರಳಗಲದಷ್ಟು ಸುಕ್ಕಾಗಿ, ಹೆಂಗಸರ ಸೆರಗಿನ ತುದಿಯಲ್ಲಿ ಹಿಂಡಿದ ಗಂಟಿನಂತಾಗಿತ್ತು. ಅವನು ಅಷ್ಟನ್ನು ಕತ್ತರಿಸಿ, ಎರಡು ತುದಿಗಳನ್ನು ಅಂಟುಟೇಪಿನಿಂದ ಸೇರಿಸಿದ.

ಮಾರನೆಯ ದಿನ ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕೂತು, ಬೈಗುಳಕ್ಕೆ ಬೆನ್ನು ಕೊಟ್ಟವನಂತೆ ಕಾದ. ಕಲ್ಲಿಗೆ ಕಾಳು ಬಿಟ್ಟಿರಲಿಲ್ಲ. ಚಕ್ರದಿಂದ ಚಕ್ರಕ್ಕೆ ಹಾದ ಚರ್ಮದ ಬೆಲ್ಟು ಮಾತ್ರ ಬರಿದೇ ಓಡುತ್ತ, ಸುತ್ತಿಗೊಂದು ಸಲ ಅದರ ಜಾಯಿಂಟು ಟಪ್ ಎನ್ನುತ್ತಿತ್ತು. ಆ ಟಪ್ಪಿನ ಮೇಲೆಯೇ ಗಿರಣಿಯ ಕಿವಿ ಬೆಳೆದದ್ದು. ಒಮ್ಮೆ ಮೂರು ಅಂಗಡಿ ಆಚೆ ಕ್ಷೌರಕ್ಕೆ ಕೂತವನು, ಅರ್ಧ ಕೆನ್ನೆಗೆ ಸೋಪಿದ್ದಂತೆಯೇ ಎದ್ದು ಓಡಿಬಂದು ಬೆಲ್ಟು ನಿಲ್ಲಿಸಿದ್ದ. ಜಾಯಿಂಟು ಬಿಡಲು ಒಂದೇ ಹೊಲಿಗೆ ಉಳಿದಿತ್ತು.

ಹಾಡು ಹನ್ನೊಂದನೆಯ ನಿಮಿಷಕ್ಕೆ ಬಂತು. ಗಿರಣಿ ತಲೆಯೆತ್ತಿದ. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದ. ಮೂರನೆಯ ಸಲ ಕೇಳುವಾಗ ರೆಕಾರ್ಡರನ್ನು ನೋಡದೆ ವೈರ್‌ಮನ್‌ನ ಮುಖ ನೋಡಿದ.

"ನಿನ್ನ ಮನೇಲಿ ಚೆನ್ನಾಗಿ ಕೇಳಿಸ್ತಾ?"

"ಹೂಂ. ಚೆನ್ನಾಗಿ ಕೇಳಿಸ್ತು."

ಗಿರಣಿ ಟೇಪನ್ನು ಮತ್ತೆ ಅದೇ ಜಾಗಕ್ಕೆ ಸುತ್ತಿಸಿದ. ಆಮೇಲೆ ಎಂದ: "ಈ ಮನುಷ್ಯ ಇಲ್ಲೊಂದು ಕಡೆ ಕುಂಟ್ತಾನೆ ನೋಡೋ. ಮೊನ್ನೆ ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ಎಂಥಾ ಕೈ."

ಆ ಭಾನುವಾರವೇ ಅವನು ಆ ಕುಂಟನ್ನು ಕಲಿತ. ಅವನ ಹಿಂದೆ ಉಳಿದ ಮೂವರೂ ಕಲಿತರು. ಎರಡನೆಯವನಿಗೆ ಕುಂಟ ಎಂದು ಹೆಸರು ಬಿತ್ತು, ಗಿರಣಿ ಅವನ ಪಕ್ಷ ಹಿಡಿದ. ತಾನು ಕತ್ತರಿಸಿದ್ದನ್ನು ತಾನೇ ಹೊಗಳುವುದು ಹೇಗೆಂದು ವೈರ್‌ಮನ್ ಗಡಿಯಾರದ ಕಡೆ ನಿಂತ. ಇಬ್ಬರ ಕೂದಲೂ ಆ ಜಗಳದಲ್ಲೇ ನರೆತವು. ಪ್ರತಿ ಸಲವೂ ಕೊನೆಗೆ ಗಿರಣಿ ದನಿ ತಗ್ಗಿಸಿ, "ಆ ಜಾಗ ನಿನಗೆ ಹೇಗೆ ಕೇಳಿಸುತ್ತೆ, ನಿಜ ಹೇಳು," ಎನ್ನುತ್ತಿದ್ದ. ಪ್ರತಿ ಸಲವೂ ಇವನು, "ತಪ್ಪು ಹೊಡೆದಿದ್ದಾನೆ, ಅಷ್ಟೆ," ಎನ್ನುತ್ತಿದ್ದ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದಾಗಲೂ ಗಿರಣಿ ಅವನ ಮಣಿಕಟ್ಟು ಹಿಡಿದು ಕೇಳಿದ್ದ. "ಕುಂಟನ ವಿಷಯ ಏನಾದ್ರೂ ಹೇಳೋದಿದ್ಯೇನೋ?"

ಹೇಳಲೆಂದು ಇವನು ಅವನ ಕಿವಿಯ ಹತ್ತಿರ ಬಗ್ಗಿದ. ಪಕ್ಕದ ಮಂಚದವರು ನೋಡುತ್ತಿದ್ದರು.

"ಗಡಿಯಾರಾನೇ ದೊಡ್ಡೋನು," ಎಂದುಬಿಟ್ಟ.

ಗಿರಣಿ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವಷ್ಟರಲ್ಲಿ ಹೊರಗಿನವರು ಹೊರಡಿ ಎಂದು ನರ್ಸು ಬಂದಳು.

*

ಮೂರೂವರೆಗೆ ಬೆಲ್ಟು ಕೂತಿತು. ವೈರ್‌ಮನ್ ಕ್ಯಾಸೆಟ್ಟು ಹಾಕಿ, ಎರಡನೆಯ ಹಾಡಿನ ತಲೆಗೆ ಬರಲೆಂದು ಹಿಂದಕ್ಕೆ ಸುತ್ತಿಸಿದ. ಚಕ್ರಗಳು ಜೋರಾದವು. ಪಟ್ ಎಂದಿತು. ಆಮೇಲೆ ಒಂದು ಚಕ್ರ ಮಾತ್ರ ಹಗುರಾಗಿ ತಿರುಗುತ್ತಲೇ ಇತ್ತು.

ಅವನು ಕ್ಯಾಸೆಟ್ಟನ್ನು ಹೊರತೆಗೆದು ಬೆರಳಿನಿಂದ ತುದಿಯನ್ನೆಳೆದ. ಮೂವತ್ತನಾಲ್ಕು ವರ್ಷದ ಅಂಟುಟೇಪು ಈರುಳ್ಳಿ ಸಿಪ್ಪೆಯಂತೆ ಹಳದಿಗಟ್ಟಿ, ಒಣಗಿ, ಒಂದು ತುದಿಗಷ್ಟೇ ಕಚ್ಚಿಕೊಂಡಿತ್ತು. ಮೇಷ್ಟ್ರು ಮತ್ತು ದರ್ಜಿ ಒಳಗೆ ಬಂದು ನಿಂತರು. ಮಗಳು ಫೋನು ಹಿಡಿದುಕೊಂಡು ಬಂದಳು.

ಎಲ್ಲರನ್ನೂ ಸರಿಸಿಕೊಂಡು ಗಿರಣಿಯ ಹೆಂಡತಿ ಬಂದಳು. ಅವಳ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಅಂಟುಟೇಪಿನ ಸುರುಳಿ.

"ಆವತ್ತು ಹೇಗೆ ಅಂಟಿಸಿದ್ರೋ ಹಾಗೇ ಅಂಟಿಸಿ," ಎಂದಳು.

ವೈರ್‌ಮನ್‌ಗೆ ಕತ್ತರಿ ಹಿಡಿಯಲಾಗಲಿಲ್ಲ. "ಅತ್ತಿಗೆ, ನಿಮಗೆ…"

"ಬೆಲ್ಟಿನ ಜಾಯಿಂಟು ಮೂರಂಗಡಿ ಆಚೆ ಕೇಳಿಸ್ತಿದ್ದೋರಿಗೆ ಇದು ಕೇಳಿಸಲ್ವಾ? ಆವತ್ತು ಸಂಜೆ ಕೈಕಾಲು ತೊಳೀತಾನೇ ಹೇಳಿದ್ರು. ಕತ್ತರಿಸಿಬಿಟ್ಟಿದ್ದಾನೆ, ಹೆದರಿದ್ದಾನೆ, ನಾಳೆ ಬಂದು ಅವನೇ ಹೇಳ್ತಾನೆ, ಬೈಬಾರದು ಅಂತ."

"ನಾಳೆ ಅಂತ ಅಂದಿದ್ನಾ?"

"ಬಹಳ ದಿನ ನಾಳೆ ನಾಳೆ ಅಂತಾನೇ ಇದ್ರು. ಆಮೇಲೆ ಅನ್ನೋದು ಬಿಟ್ರು."

ಅವಳು ಕತ್ತರಿಯನ್ನು ಅವನ ಅಂಗೈಯಲ್ಲಿಟ್ಟು, ಬಂದವರಿಗೆ ನೀರು ಕೊಡಲು ಒಳಗೆ ಹೋದಳು.

ಮನೆಯಲ್ಲಿ ಸಮತಟ್ಟಾದದ್ದೆಂದರೆ ಬೆಂಚಿನ ಪಕ್ಕ ನೆಲಕ್ಕೆ ಹಾಸಿದಂತೆ ಇಟ್ಟಿದ್ದ ಪೆಟ್ಟಿಗೆಯ ಮುಚ್ಚಳವೊಂದೇ. ವೈರ್‌ಮನ್ ಅದರ ಮುಂದೆ ಮಂಡಿಯೂರಿ ಕೂತ. ಹೊಸ ಹಲಗೆಯ ಮೇಲೆ ಎರಡು ತುದಿಗಳನ್ನು ಎದುರುಬದುರು ಇಟ್ಟ. ಹಳೆಯ ಅಂಟನ್ನು ಉಗುರಿನಿಂದ ಮೆಲ್ಲಗೆ ಕೆರೆದ.

"ಎರಡು ಬೆರಳಗಲ ಇತ್ತು," ಎಂದ. ತಲೆ ಎತ್ತಲಿಲ್ಲ. ಮಾತು ಬೆಂಚಿನ ಮೇಲಿದ್ದವನಿಗೆ. "ಸುಕ್ಕಾಗಿತ್ತು. ಕತ್ತರಿಸಿ ಕಸಕ್ಕೆ ಹಾಕ್ದೆ. ಆ ಡ್ರಮ್ಮಿನೋನು ಕುಂಟೋದೇ ಇಲ್ಲ ಕಣೋ. ಏಳನೇ ಪೆಟ್ಟು ಹೊಡೆದಿದ್ದಾನೆ. ಅದನ್ನ ತೆಗೆದಿದ್ದು ನಾನು."

ಮೇಷ್ಟ್ರು ಕನ್ನಡಕ ತೆಗೆದರು. "ಅಂದ್ರೆ ಇಷ್ಟು ವರ್ಷ ನಾವು ನುಡಿಸ್ತಾ ಇದ್ದಿದ್ದು…"

"ಇವನ ಕತ್ತರೀನ," ಎಂದ ದರ್ಜಿ. ನಗಲು ನೋಡಿದ, ಆಗಲಿಲ್ಲ. ಬಗ್ಗಿ ತನ್ನ ಸೂಜಿ ಚುಚ್ಚಿದ ಬೆರಳುಗಳಿಂದ ಟೇಪಿನ ಒಂದು ತುದಿಯನ್ನು ಅಲುಗದಂತೆ ಒತ್ತಿ ಹಿಡಿದ. "ಅಂಟಿಸು. ಇದನ್ನ ನಾನು ಹಿಡ್ಕೊಂಡಿದ್ದೀನಿ."

"ಮಾಮ, ಫೋನಲ್ಲೇ ಹಾಕ್ಲಾ?" ಎಂದಳು ಮಗಳು. "ಈಗ ಎಲ್ರಿಗೂ ಗೊತ್ತಾಯ್ತಲ್ಲ."

"ಬೇಡಮ್ಮ. ಅವನು ಹೇಳಿದ್ದು ಇದನ್ನ."

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ರೆಕಾರ್ಡರನ್ನು ಕಿಟಕಿಯಲ್ಲಿಟ್ಟು, ದನಿಯನ್ನು ಕೊನೆಯವರೆಗೆ ತಿರುಗಿಸಿ, ಗುಂಡಿ ಒತ್ತಿದ. ಬಂದವರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಮುಂದೆ ಹಾದುಹೋದರು. ಅರ್ಥವಾಗದ ಆ ಹಾಡಿಗೆ ಯಾರೂ ಏನೂ ಅನ್ನಲಿಲ್ಲ. ಹಿಟ್ಟಿಗೆ ಕಾದು ಕೇಳಿದ್ದ ಹಾಡೇ. ಹೆಂಡತಿ ಕೊನೆಗೆ ಬಂದು, ಗಂಡನ ಹುಬ್ಬನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಬೆರಳನ್ನು ಒರೆಸಿಕೊಳ್ಳದೆ ಮುಷ್ಟಿ ಮಡಿಸಿಕೊಂಡಳು. ಮುಚ್ಚಳ ಹಾಕಿದರು.

ಗಾಡಿ ಓಣಿಯೊಳಕ್ಕೆ ಬರುವಂತಿರಲಿಲ್ಲ. ಅರವತ್ತು ಹೆಜ್ಜೆ ಆಚೆ, ಬಾಗಿಲೆಳೆದ ಗಿರಣಿಯ ಮುಂದೆ ನಿಂತಿತ್ತು. ಮುಂದಿನ ಎರಡು ಮೂಲೆಗೆ ಮಗಳು ಮತ್ತು ದರ್ಜಿ, ಹಿಂದಿನ ಎರಡಕ್ಕೆ ಮೇಷ್ಟ್ರು ಮತ್ತು ವೈರ್‌ಮನ್ ಹೆಗಲು ಕೊಟ್ಟರು. ಹಾಡು ಹತ್ತನೆಯ ನಿಮಿಷ ದಾಟಿ ಏಳರ ಎಣಿಕೆಗೆ ಹೊರಳಿತ್ತು. ಯಾರೂ ಹೇಳದೆ ನಾಲ್ವರ ಕಾಲೂ ಅದಕ್ಕೆ ಕೂತವು. ಡ್ರಮ್ಮಿನ ಪಕ್ಕದ ಚೀಲಗಳ ಮೇಲೆ ನಿದ್ದೆ ಮಾಡಿ ಬೆಳೆದ ಮಗಳಿಗೆ ಎಣಿಕೆ ಬೇಕಾಗಿರಲಿಲ್ಲ. ಮೇಷ್ಟ್ರ ತುಟಿ ಅಲುಗುತ್ತಿತ್ತು. ಐದು, ಆರು, ಏಳು. ಐದು, ಆರು, ಏಳು.

ಓಣಿಯ ನಡುವಿನ ಚಪ್ಪಡಿಯ ಹತ್ತಿರ ಏಳನೆಯದು ಬರಲಿಲ್ಲ.

ನಾಲ್ವರ ಕಾಲೂ ಒಟ್ಟಿಗೇ ಒಂದು ಮೋಟು ಹೆಜ್ಜೆ ಹಾಕಿ ಮುಂದಕ್ಕೆ ಬಿದ್ದವು. ಬದಿಯಲ್ಲಿದ್ದವರು ಎಡವಿದರೆಂದುಕೊಂಡು ಹಿಡಿಯಲು ಕೈ ಚಾಚಿದರು. ಹೆಗಲ ಮೇಲೆ ಪೆಟ್ಟಿಗೆ ಕೂದಲೆಳೆಯಷ್ಟೂ ವಾಲದೆ, ಹಾಗೇ ಮುಂದೆ ಹೋಯಿತು.